ಹತ್ತು ಗುಂಡಿನ ಲೆಕ್ಕ

ನಮ್ಮ ಮನೆಗಳಲ್ಲಿ ದೊಡ್ಡ ತೀರ್ಮಾನಗಳೆಲ್ಲ ಈಗ ಆಗುವುದು ಫೋನ್ ಕಾಲ್‌ನಲ್ಲಿ. ತಂಗಿಯ ಗಂಡ ಶಾರ್ಜಾದಲ್ಲಿದ್ದಾರೆ. ತಂಗಿ, ಮಕ್ಕಳು ಇಲ್ಲೇ ಮಂಜೇಶ್ವರದ ಹತ್ತಿರ, ನಮ್ಮ ತೋಟಕ್ಕೆ ತಾಗಿದ ಮನೆಯಲ್ಲಿ. ಒಂಬತ್ತನೇ ಕ್ಲಾಸಿನ ದೊಡ್ಡ ಹುಡುಗ ಆರು ತಿಂಗಳಿಂದ ನನ್ನ ಹಳೆಯ ಸ್ಪ್ರಿಂಗ್ ಏರ್‌ಗನ್‌ನಲ್ಲಿ ಗುರಿ ಹೊಡೆಯುವುದು ಕಲಿಯುತ್ತಿದ್ದಾನೆ. ರೈಫಲ್ ಕ್ಲಬ್ಬಿಗೆ ಸೇರಬೇಕು, ಮುಂದೆ ಸ್ವಂತ ಮ್ಯಾಚ್ ರೈಫಲ್ ಬೇಕು ಎಂದು ಅವನ ಆಸೆ. ಅದು ಲಕ್ಷದ ಲೆಕ್ಕದ ಮಾತು. ಅವನ ಕಾರ್ಡುಗಳ ಫೋಟೊ ನೋಡಿ ಭಾವ ನನಗೆ ಹೇಳಿದ್ದು ಇಷ್ಟು: "ಇಚ್ಚಾ, ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಹತ್ತೇ ಹೊಡೆಯುತ್ತಾರಲ್ಲ. ಇವನದ್ದು ಏಳು, ಎಂಟು. ಸುಮ್ಮನೆ ಓದಲಿ ಬಿಡಿ."

ದುಡಿದು ಕಳಿಸುವವರು ಕೇಳುವ ಪ್ರಶ್ನೆ ಇದು, ತಪ್ಪೇನಿಲ್ಲ. ಆದರೆ ಅಳೆಯಲು ತೆಗೆದುಕೊಂಡ ಕೋಲು ಬೇರೆ ಕೋವಿಯದ್ದು.

10 ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಆ ಕಾರ್ಡಿನಲ್ಲಿ ಹತ್ತರ ಗುರುತು ಅಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಗುಂಡಿನ ಅಗಲ 4.5 ಮಿ.ಮೀ., ಅಂಚು ತಾಗಿದರೂ ಸಾಕು. ಲೆಕ್ಕ ಹಾಕಿದರೆ, ಗುಂಡಿನ ನಡು ಕಾರ್ಡಿನ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು, 5 ಮಿ.ಮೀ. ಒಳಗೆ ಒಂಬತ್ತು, 7.5ರ ಒಳಗೆ ಎಂಟು. ವಿಶ್ವಮಟ್ಟದವರು 60 ಗುಂಡಿಗೆ 630 ದಾಟುತ್ತಾರೆ. ಅವರ ಕೈಯಲ್ಲಿರುವುದು ಸಿಲಿಂಡರಿನಲ್ಲಿ ಮೊದಲೇ ತುಂಬಿಸಿಟ್ಟ ಗಾಳಿಯಿಂದ ಓಡುವ ಕೋವಿ. ಅದನ್ನು ಅಲುಗದ ಹಾಗೆ ಕಟ್ಟಿಟ್ಟು ಹೊಡೆದರೆ ಗುಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗುತ್ತವೆ.

ನಮ್ಮದು ಹಾಗಲ್ಲ. ಬ್ಯಾರಲ್ ಬಗ್ಗಿಸಿದಾಗ ಒಳಗೆ ಒಂದು ದಪ್ಪ ಸ್ಪ್ರಿಂಗ್ ಕುಗ್ಗಿ ಕೂರುತ್ತದೆ, ಅದರ ಮುಂದೆ ಪಿಸ್ಟನ್. ಟ್ರಿಗರ್ ಎಳೆದ ಕೂಡಲೇ ಸ್ಪ್ರಿಂಗ್ ಪಿಸ್ಟನನ್ನು ಮುಂದಕ್ಕೆ ದೂಡುತ್ತದೆ, ಕೋವಿ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟುವಾಗ ಎದುರಿನ ಗಾಳಿ ಒತ್ತಿಕೊಂಡು ಅದನ್ನು ತಡೆಯುತ್ತದೆ, ಆಗ ಕೋವಿ ಮುಂದಕ್ಕೆ ಜಿಗಿಯುತ್ತದೆ. ಈ ಹಿಂದೆ ಮುಂದೆ ಆಟ ಶುರುವಾದಾಗ ಗುಂಡು ಇನ್ನೂ ಬ್ಯಾರಲ್‌ನ ಒಳಗೇ ಇರುತ್ತದೆ. ನೀವು ಗುರಿ ಇಟ್ಟದ್ದು ನಿಂತ ಕೋವಿಯಿಂದ, ಗುಂಡು ಹೊರಡುವುದು ಓಡಾಡುತ್ತಿರುವ ಕೋವಿಯಿಂದ. (ಸಾಧಾರಣ ದೂರದರ್ಶಕ ಕೂಡಿಸಿದರೆ ಈ ಮುಂದಿನ ಜಿಗಿತಕ್ಕೆ ಅದರ ಒಳಗಿನ ಗಾಜು ಸಡಿಲವಾಗುವುದೂ ಇದೆ.) ಹಿಂದೆ ಸ್ಪ್ರಿಂಗಿನ ಕೋವಿಗಳೇ ದೊಡ್ಡ ಸ್ಪರ್ಧೆಗಳನ್ನು ಗೆಲ್ಲುತ್ತಿದ್ದವು. ಆದರೆ ಜರ್ಮನಿಯ ಫೈನ್‌ವೆರ್ಕ್‌ಬೌ 300ರಂಥದ್ದರಲ್ಲಿ ಬ್ಯಾರಲ್ ಸಮೇತ ಇಡೀ ಯಂತ್ರವೇ ಹಳಿಯ ಮೇಲೆ ಜಾರುತ್ತಿತ್ತು, ಹೆಗಲಿಗೆ ಕೊಟ್ಟ ಮರದ ಹಿಡಿ ನಿಂತಲ್ಲೇ ಇರುತ್ತಿತ್ತು. ನಮ್ಮಲ್ಲಿ ಸಿಗುವ ಮಾಮೂಲಿ ಏರ್‌ಗನ್‌ನಲ್ಲಿ ಆ ಏರ್ಪಾಡು ಇಲ್ಲ.

ಹಾಗಾಗಿ ಇದನ್ನು ಗಟ್ಟಿಯಾಗಿ ಹಿಡಿದವನೇ ಸೋಲುತ್ತಾನೆ. ಹುಡುಗನಿಗೆ ಮೊದಲ ತಿಂಗಳು ನಾನು ಕಲಿಸಿದ್ದು ಬರೀ ಹಿಡಿಯುವುದನ್ನು. ಎಡ ಅಂಗೈ ಬಿಚ್ಚಿರಬೇಕು, ಕೋವಿ ಅದರ ಮೇಲೆ ಮಲಗಿರಬೇಕು, ಬೆರಳು ಸುತ್ತಬಾರದು. ಅಂಗೈ ಪ್ರತಿ ಸಲವೂ ಅದೇ ಜಾಗದಲ್ಲಿ. ಎರಡು ಬೆರಳು ಮುಂದೆ ಹಿಂದೆ ಆದರೆ ಸಾಕು, ಗುಂಡು ಬೀಳುವ ಜಾಗ ಬದಲಾಗುತ್ತದೆ. ಗುಂಡು ಹೋದ ಮೇಲೂ ಒಂದು ಗಳಿಗೆ ಕಣ್ಣು ಗುರಿಯಲ್ಲೇ ಇರಬೇಕು. ಹಿಡಿಯ ಸ್ಕ್ರೂಗಳು ಈ ಕುಲುಕಾಟಕ್ಕೆ ಸಡಿಲವಾಗುತ್ತವೆ, ವಾರಕ್ಕೊಮ್ಮೆ ನೋಡಬೇಕು. ಗುಂಡು ಹಾಕದೆ ಟ್ರಿಗರ್ ಎಳೆಯಬಾರದು, ಪಿಸ್ಟನ್ ಹೋಗಿ ಬಡಿಯುತ್ತದೆ. ಗುಂಡು ಸೀಸದ್ದು, ಕೈ ತೊಳೆಯದೆ ತಿಂಡಿಗೆ ಕೈ ಹಾಕುವಂತಿಲ್ಲ. ಈ ಕೊನೆಯದನ್ನು ಜಾರಿ ಮಾಡುವವಳು ಅವನ ಉಮ್ಮ. ನಾನಿಲ್ಲದಾಗ ಅವನು ಕೋವಿ ಮುಟ್ಟುವುದಿಲ್ಲ. ಕೆಂಪುಕಲ್ಲಿಗೆ ಹೊಡೆದರೆ ಗುಂಡು ಹಿಂದಕ್ಕೆ ಸಿಡಿಯುತ್ತದೆ, ಅದಕ್ಕೇ ಕಾರ್ಡಿನ ಹಿಂದೆ ಹೊಯಿಗೆ ತುಂಬಿದ ಗೋಣಿಗಳು.

ನೆರೆಯ ಕೆಲವರಿಗೆ ಇದೆಲ್ಲ ತಮಾಷೆ. "ಕಾಗದಕ್ಕೆ ಯಾಕೆ, ತೆಂಗಿನಕಾಯಿ ತಿನ್ನುವ ಕೆಂಜಳಿಲಿಗೆ ಹೊಡೆಯಲಿ" ಅನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಕಾನೂನು ಬದಿಗಿಟ್ಟರೂ, ಕಾರ್ಡಿನಲ್ಲಿ ಏಳಕ್ಕೆ ಬಿದ್ದ ಗುಂಡು ಪ್ರಾಣಿಯ ಮೈಯಲ್ಲಿ ಎಲ್ಲಿ ಬೀಳುತ್ತದೆ ಎಂದು ಅವರು ಯೋಚಿಸುವುದಿಲ್ಲ.

ಇನ್ನು ಭಾವನ ಪ್ರಶ್ನೆ. ಏರ್‌ಗನ್ ಇರುವವರೆಲ್ಲ ಪರ್ಸಿನಲ್ಲಿ ಒಂದು ಕಾರ್ಡು ಇಟ್ಟುಕೊಂಡಿರುತ್ತಾರೆ, ಮೂರು ಗುಂಡು ಒಂದಕ್ಕೊಂದು ತಾಗಿದ್ದು. ಅದನ್ನು ನಂಬಬೇಡಿ. ಮೂರು ಗುಂಡಿನ ಹರಡು 10 ಮಿ.ಮೀ. ಬರುವ ಕೋವಿಗೆ, ಅದೇ ಕೈಯಲ್ಲಿ ಹತ್ತು ಗುಂಡಿನ ಹರಡು ಸರಾಸರಿ 15–16 ಮಿ.ಮೀ. ಆಗುತ್ತದೆ. ಯಾರೂ ಕೆಟ್ಟದಾಗಿ ಹೊಡೆದದ್ದಲ್ಲ, ಲೆಕ್ಕವೇ ಹಾಗೆ. ಆದ್ದರಿಂದ ಹತ್ತು ಹೊಡೆಯಬೇಕು, ತಪ್ಪಿದ್ದನ್ನೂ ಸೇರಿಸಿ ಅಳೆಯಬೇಕು, ಹಾಗೆ ನಾಲ್ಕೈದು ಕಾರ್ಡು ಮಾಡಬೇಕು.

ನಾವು ಮಾಡಿದ್ದು ಇಷ್ಟೆ. ಮೊದಲು ಕೋವಿಯದ್ದೇ ಹರಡು ಎಷ್ಟು ಎಂದು ನೋಡಿದೆವು. ಮೇಜಿನ ಮೇಲೆ ಹೊಯಿಗೆ ಚೀಲ, ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಕೋವಿ. ಚೀಲದ ಮೇಲೆ ನೇರವಾಗಿ ಕೋವಿ ಇಟ್ಟರೆ ಅದು ಪುಟಿಯುತ್ತದೆ. 10 ಮೀಟರಿಗೆ ಐದು ಕಾರ್ಡಿನ ಸರಾಸರಿ 15 ಮಿ.ಮೀ. ಬಂತು, ನಡುವಿನಿಂದ ನಡುವಿಗೆ. ಮಾಮೂಲಿ ಸ್ಪ್ರಿಂಗ್ ಕೋವಿಗೆ ಇದು ಒಳ್ಳೆಯದೇ. ಅಂದರೆ ಎಷ್ಟು ಜಾಗ್ರತೆ ಮಾಡಿದರೂ ಈ ಕೋವಿ ತನ್ನಷ್ಟಕ್ಕೇ ಎಂಟರವರೆಗೆ ಗುಂಡು ಚೆಲ್ಲುತ್ತದೆ. ಆಮೇಲೆ ಹುಡುಗ ನಿಂತು ಹೊಡೆದ. ಐದು ಕಾರ್ಡಿನ ಸರಾಸರಿ 22 ಮಿ.ಮೀ.

22ರಿಂದ 15 ಕಳೆದರೆ 7 ಅಂತ ಭಾವ ಫೋನಿನಲ್ಲೇ ಖುಷಿಯಾದರು. ಅಷ್ಟು ಸುಲಭ ಅಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಲುಗಾಟ ಸೇರುವಾಗ ವರ್ಗಗಳನ್ನು ಕಳೆಯಬೇಕು: 484ರಲ್ಲಿ 225 ಹೋದರೆ 259, ಅದರ ವರ್ಗಮೂಲ 16. ಹುಡುಗನ ಪಾಲು 16 ಮಿ.ಮೀ., ಕೋವಿಯಷ್ಟೇ. ಅಲುಗದ ಕೋವಿ ಕೈಗೆ ಬಂದರೆ ಈಗ ಎಂಟರ ಸುತ್ತ ಇರುವ ಸರಾಸರಿ ಒಂಬತ್ತರ ಹತ್ತಿರ ಹೋಗಬಹುದು. ಹತ್ತಕ್ಕೆ ಹೋಗುವುದಿಲ್ಲ. ಅದು ಅವನೇ ದುಡಿಯಬೇಕಾದ್ದು, ವರ್ಷಗಟ್ಟಲೆ. ಈ ಎರಡನ್ನೂ ನಾನು ಭಾವನಿಗೆ ಹೇಳಿದೆ, ಹುಡುಗ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಒಂಬತ್ತು ಅನ್ನುವಾಗ ಅರಳಿದ ಮುಖ ಮುಂದಿನ ಮಾತಿಗೆ ಬಾಡಿತು. ಆದರೂ ಆರು ತಿಂಗಳಲ್ಲಿ ಈ ಕೋವಿಯಿಂದ ನಿಂತು 22 ಮಾಡಿದವನನ್ನು ನಿಲ್ಲಿಸುವುದಕ್ಕೆ ನನಗೆ ಮನಸ್ಸಿಲ್ಲ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಂಗಿಗೆ ಫೋನ್ ಕೊಡಲು ಹೇಳಿ ಫೀಸಿನ ವಿಚಾರ ಕೇಳಿದರು. ಒಪ್ಪಿದ್ದು ಇಷ್ಟಕ್ಕೆ: ಪರೀಕ್ಷೆ ಮುಗಿದ ಮೇಲೆ ಮೂರು ತಿಂಗಳು ಕ್ಲಬ್ಬಿಗೆ ಹೋಗಲಿ, ಅಲ್ಲಿಯ ರೈಫಲ್‌ನಲ್ಲೇ ಹೊಡೆಯಲಿ, ಸ್ವಂತದ್ದರ ಮಾತು ಈಗ ಬೇಡ. ಅಲ್ಲಿಯವರೆಗೆ ಇಲ್ಲೇ, ಶುಕ್ರವಾರ ಊಟದ ನಂತರ ಮತ್ತು ಆದಿತ್ಯವಾರ ಬೆಳಿಗ್ಗೆ, ಹತ್ತು ಹತ್ತರ ಕಾರ್ಡು, ಪ್ರತಿಯೊಂದರ ಮೇಲೂ ತಾರೀಕು.