ಮುಖವಲ್ಲ, ಎಸೆದ ಎಲೆ

ಸಿನಿಮಾದಲ್ಲಿ ಪೋಕರ್ ಆಡುವ ನಾಯಕ ಎದುರಾಳಿಯ ಮುಖವನ್ನು ಅರೆಗಳಿಗೆ ದಿಟ್ಟಿಸಿ, ಅವನ ಕೈಯಲ್ಲಿರುವ ಎರಡೂ ಎಲೆಗಳ ಹೆಸರು ಹೇಳಿಬಿಡುತ್ತಾನೆ. 1998ರ ‘ರೌಂಡರ್ಸ್’ ಚಿತ್ರದಲ್ಲಂತೂ ಬಿಸ್ಕತ್ತು ತಿನ್ನುವ ರೀತಿಯಿಂದಲೇ ಎದುರಾಳಿಯ ಗುಟ್ಟು ರಟ್ಟಾಗುತ್ತದೆ. ನೋಡಲು ಸೊಗಸು. ಇಸ್ಪೀಟು ಬಲ್ಲವರಿಗೆ ಮಾತ್ರ ಇದು ಕಾಲಿಗೆ ಚುಚ್ಚಿಕೊಂಡ ಮುಳ್ಳಿನಂತೆ ಕಾಡುತ್ತದೆ.

ಏಕೆಂದರೆ ಪಳಗಿದ ಆಟಗಾರರು ಒಂದೇ ಕೈಯನ್ನು ಊಹಿಸುವುದೇ ಇಲ್ಲ. ಹೋಲ್ಡೆಮ್ ಪೋಕರ್‌ನಲ್ಲಿ ಒಬ್ಬನಿಗೆ ಬರಬಹುದಾದ ಎರಡೆಲೆಯ ಕೈಗಳು 1,326. ಅವನು ಹಣ ಏರಿಸಿದಾಗ, ತಡೆದಾಗ, ಸುಮ್ಮನೆ ಸರಿಗಟ್ಟಿದಾಗ ಆ ರಾಶಿಯಿಂದ ಒಂದಿಷ್ಟು ಕೈಗಳನ್ನು ತೆಗೆದುಹಾಕುತ್ತ ಹೋಗಬೇಕು. ಉಳಿದದ್ದು ಅವನ ರೇಂಜ್. ಎದುರಾಳಿಯ ಬಳಿ ಎಕ್ಕ-ರಾಜ ಇರಲು 16 ದಾರಿಗಳಿವೆ, ಎರಡು ಎಕ್ಕ ಇರಲು 6. ನಿಮ್ಮ ಕೈಯಲ್ಲೇ ಒಂದು ಎಕ್ಕವಿದ್ದರೆ ಅವು 12 ಮತ್ತು 3 ಆಗುತ್ತವೆ. ಮೇಜಿನ ಮೇಲೆ ಇನ್ನೊಂದು ಎಕ್ಕ ಬಿದ್ದರೆ 8 ಮತ್ತು 1. ಎದುರಿನವನ ಹುಬ್ಬು ಹಾರಿತೇ, ಬೆರಳು ನಡುಗಿತೇ ಎಂಬುದು ಈ ಲೆಕ್ಕದ ನಂತರದ ಮಾತು. 2019ರಲ್ಲಿ ಪ್ಲುರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಆರು ಜನರ ಪೋಕರ್‌ನಲ್ಲಿ ವೃತ್ತಿಪರರನ್ನು ಸೋಲಿಸಿತು. ಅದು ಯಾರ ಮುಖವನ್ನೂ ನೋಡಿರಲಿಲ್ಲ.

ಈ ವಿದ್ಯೆಗೆ ಲಾಸ್ ವೇಗಸ್ಸೇ ಆಗಬೇಕೆಂದಿಲ್ಲ, ಪುಣೆ ಸಾಕು. 1930ರ ಜೂನ್ 1ರಂದು ಮೊದಲು ಹೊರಟ ಡೆಕ್ಕನ್ ಕ್ವೀನ್ ರೈಲು ಇಂದಿಗೂ ಬೆಳಿಗ್ಗೆ ಪುಣೆಯಿಂದ ಮುಂಬಯಿಗೆ ಓಡಿ ಸಂಜೆ ಮರಳುತ್ತದೆ. ಪಾಸಿನವರ ಗುಂಪುಗಳಲ್ಲಿ ತೊಡೆಗಳ ಮೇಲೆ ಬ್ರೀಫ್‌ಕೇಸ್ ಅಡ್ಡವಿಟ್ಟರೆ ಅದೇ ಮೇಜು. ಲೋಣಾವಳದ ಘಾಟಿ ಬರುವಷ್ಟರಲ್ಲಿ ರಮ್ಮಿ ರಂಗೇರಿರುತ್ತದೆ. ಒಬ್ಬ ಕೆಳಗೆ ಎಸೆದ ಎಲೆಗಳಿಂದ ಕಳಾವರ್ ಎಂಟನ್ನು ಎತ್ತಿಕೊಂಡ ಎನ್ನಿ. ಪಕ್ಕದವನು ತನ್ನ ಕಳಾವರ್ ಏಳು, ಒಂಬತ್ತನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ಅದೇ ಮನುಷ್ಯ ಮುಂದಿನ ಸುತ್ತಿನಲ್ಲಿ ಕಳಾವರ್ ಹತ್ತನ್ನು ಎಸೆದರೆ ಲೆಕ್ಕ ಬದಲಾಗುತ್ತದೆ: ಅವನು ಬಹುಶಃ ಎಂಟುಗಳನ್ನೇ ಕೂಡಿಸುತ್ತಿದ್ದಾನೆ. ಇದೂ ರೇಂಜ್ ಓದುವುದೇ, ಹೆಸರಿಡದೆ.

ಇದನ್ನು ಸುಪ್ರೀಂ ಕೋರ್ಟೂ ಗುರುತಿಸಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ, 1967ರ ನವೆಂಬರಿನಲ್ಲಿ, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದರು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು ಎಂಬುದು ಅವರು ಕೊಟ್ಟ ಕಾರಣ. ಮೂರೆಲೆಯ ಆಟಕ್ಕೆ ಆ ಮರ್ಯಾದೆ ಸಿಗಲಿಲ್ಲ. ನಮ್ಮ ಅಂದರ್ ಬಾಹರ್‌ಗಂತೂ ಸಿಗುವಂತೆಯೇ ಇಲ್ಲ. ಅಲ್ಲಿ ಓದಲು ಎದುರಾಳಿಯ ಕೈಯೇ ಇರುವುದಿಲ್ಲ. ಪೋಕರ್ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಒಮ್ಮತಕ್ಕೆ ಬರಲಿಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜೆಂದಿತು. ಇತ್ತ ಕರ್ನಾಟಕ ಹೈಕೋರ್ಟ್, ಆನ್‌ಲೈನ್ ಕೌಶಲದಾಟಗಳನ್ನೂ ನಿಷೇಧಿಸಿದ್ದ ರಾಜ್ಯದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೆಲ್ಲ, ಕೌಶಲವೋ ಅದೃಷ್ಟವೋ ಎಂದು ನೋಡದೆ, ನಿಷೇಧಿಸುವ ಕಾಯ್ದೆ ತಂದಿತು. ಸಾಲ ಮಾಡಿ ಮೊಬೈಲಿನಲ್ಲಿ ಕಳೆದುಕೊಂಡವರ ಮನೆಗಳನ್ನು ಕಂಡವರು ಈ ಕಾಯ್ದೆಯನ್ನು ತಪ್ಪೆನ್ನಲಾರರು. ಆದರೆ ಹಣದ ಜೊತೆಗೆ ಎಲೆ ಓದುವ ವಿದ್ಯೆಯನ್ನೂ ಕೆಟ್ಟದ್ದೆಂದು ಮೂಲೆಗೆ ತಳ್ಳುವುದು ಅನ್ಯಾಯ. ಪಣವಿಲ್ಲದೆಯೂ ಅದು ಬದುಕುತ್ತದೆ. ಬ್ರಿಜ್‌ನಲ್ಲಿ ಪ್ರತಿ ಕೂಗೂ, ಪ್ರತಿ ಎಲೆಯೂ ಎದುರಾಳಿಯ 13 ಎಲೆಗಳ ಸುದ್ದಿ ಹೇಳುತ್ತದೆ. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬನಾಥ್ ಸರ್ಕಾರ್ ಆ ಓದಿನಿಂದಲೇ ಭಾರತಕ್ಕೆ ಚಿನ್ನ ತಂದರು.

ಬೆಳಗಾವಿ, ವಿಜಯಪುರಗಳಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಈ ರಜೆಗೆ ಮಕ್ಕಳನ್ನು ಎದುರು ಕೂರಿಸಿಕೊಳ್ಳಿ. ದುಡ್ಡು ಬೇಡ. ಬ್ರಿಜ್ ಕಲಿಸಿ.