ರಾಣೆಬೆನ್ನೂರಿನ ಹೊಲದಲ್ಲಿ ನನ್ನ ತಪ್ಪು

ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಕು ಹರಿಯೋ ಮುಂಚೆ ರಾಣೆಬೆನ್ನೂರು. ಜುಲೈನಲ್ಲಿ ಊರ ದಾರಿಯ ಎರಡೂ ಕಡೆ ಗೋವಿನಜೋಳವೇ. ನಾವು ಮೆಕ್ಕೆಜೋಳ ಅನ್ನೋದನ್ನ ಹಾವೇರಿ ಕಡೆ ಹೀಗೇ ಕರೀತಾರೆ. ಪ್ರತಿ ವರ್ಷ ಆ ಹಸಿರು ನೋಡೋಕೆ ಬರ್ತಿದ್ದೆ. ಕಳೆದ ವರ್ಷ ಬಂದಿದ್ದು ನನ್ನ ತಪ್ಪು ನೋಡೋಕೆ.

ಅದಕ್ಕೂ ಹದಿನೈದು ದಿನ ಮುಂಚೆ, ಬೆಳೆ ಬಿಳಚಿಕೊಂಡಿದೆ ಅಂತ ಸೋದರಮಾವ ವಾಟ್ಸಾಪ್‌ನಲ್ಲಿ ಎಲೆಯ ಫೋಟೊ ಕಳಿಸಿದ್ದರು. ನಾನು ಆಫೀಸಲ್ಲೇ ಕೂತು ಒಂದಿಷ್ಟು ಹುಡುಕಿ, “ಸಾರಜನಕ ಕಮ್ಮಿ, ಯೂರಿಯಾ ಹಾಕಿ” ಅಂದೆ. ಸಾಲದ ದುಡ್ಡಲ್ಲಿ ಎರಡು ಚೀಲ ತಂದು ಹಾಕಿದರು. ಬಣ್ಣ ಬದಲಾಗಲಿಲ್ಲ.

ಎರಡು ಗಿಡ ಕಿತ್ತುಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ಅಲ್ಲಿ ತಿಳೀತು: ಸಾರಜನಕ ಕಮ್ಮಿಯಾದರೆ ಕೆಳಗಿನ ಹಳೇ ಎಲೆ ತುದಿಯಿಂದ ಹಳದಿಯಾಗುತ್ತೆ. ನಮ್ಮ ಗಿಡದಲ್ಲಿ ಸುಳಿಯ ಹೊಸ ಎಲೆಗೆ, ನಡುನರದ ಎರಡೂ ಬದಿ, ಬುಡದ ಕಡೆಯಿಂದ ಬಿಳಿ ಪಟ್ಟಿ. ಅದು ಸತುವಿನ ಕೊರತೆ. ಸುಣ್ಣದಂಶ ಹೆಚ್ಚಿರೋ ಎರೆ ಮಣ್ಣಲ್ಲಿ ಸತು ಇದ್ದರೂ ಬೇರಿಗೆ ಸಿಗೋದು ಕಷ್ಟ. ಅದಕ್ಕೇ ಎಲೆಗೆ ಸಿಂಪರಣೆ.

ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ. 16 ಲೀಟರಿನ ಪಂಪಿಗೆ 80 ಮತ್ತು 40 ಗ್ರಾಂ. ಸುಣ್ಣ ಬಿಟ್ಟರೆ ಎಲೆ ಸುಡಬಹುದು. ಅದನ್ನ ಬೇರೆ ಕಲಸಿ, ತಿಳಿಯನ್ನಷ್ಟೇ ಸೋಸಿ ಹಾಕಬೇಕು. ಒಂದೇ ಕೆಲಸದಲ್ಲಿ ಮುಗೀಲಿ ಅಂತ ಡಿಎಪಿಯನ್ನೂ ಬೆರೆಸೋ ಹಾಗಿಲ್ಲ. ರಂಜಕ ಸೇರಿದರೆ ಸತು ಗಸಿಯಾಗಿ ತಳ ಸೇರುತ್ತೆ.

ಸಂಜೆ ಬಿಸಿಲು ಇಳಿದ ಮೇಲೆ ಪಂಪು ಬೆನ್ನಿಗೇರಿಸಿದೆ. ಮಾವ ನಕ್ಕರು: “ಅಳಿಯಾ, ನಾಕು ಸಾಲು ಹಂಗ ಬಿಡು. ಈ ಸಲ ನಿನ್ನ ಮಾತು ಖರೇನೋ ಸುಳ್ಳೋ ನೋಡೂಣು.”

ಬಿಳಿಯಾದ ಹಳೇ ಎಲೆಗಳು ಹಾಗೇ ಉಳಿದವು. ಆದರೆ ಆಮೇಲೆ ಬಂದ ಎಲೆಗಳು ಹಸಿರಾಗಿದ್ದವು. ದಸರಾ ರಜೆಗೆ ಹೋದಾಗ ಬಿಟ್ಟ ನಾಲ್ಕು ಸಾಲು ಗಿಡ್ಡವಾಗಿ ಎದ್ದು ಕಾಣ್ತಿದ್ದವು. ತೆನೆಯ ತುದಿಯಲ್ಲಿ ಕಾಳು ಕಟ್ಟಿರಲಿಲ್ಲ. ಒಂದು ಹೊಲದ ನಾಲ್ಕು ಸಾಲು ಎಲ್ಲರ ಹೊಲಕ್ಕೂ ಉತ್ತರ ಅಲ್ಲ, ಗೊತ್ತು. ಈ ಸಲ ಮಾವ ಬಿತ್ತೋ ಮುಂಚೆಯೇ ಮಣ್ಣು ಪರೀಕ್ಷೆ ಮಾಡಿಸಿದರು.

ಆ ಎರಡು ಚೀಲದ ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಫೋಟೊ ಮಾತ್ರ ಈಗಲೂ ಕಳಿಸ್ತಾರೆ. ನಾನು ಮೊದಲು ಕೇಳೋದು ಒಂದೇ: “ಮಾವ, ಇದು ಮೇಲಿನ ಎಲೆನೋ, ಕೆಳಗಿಂದೋ?”