ಪೇರೂರಿನ ಕಲ್ಲು, ಪೂಂಡಿಯ ಧೂಳು

ಗಣಪತಿಯಲ್ಲಿ ವಾಸಿಸುವ ನಮಗೆ ಕೊರೆಯುವ, ಉಜ್ಜುವ ಸದ್ದು ಹೊಸದಲ್ಲ. ಕೊಯಮತ್ತೂರಿನ ಈ ಬಡಾವಣೆಯ ಓಣಿಗಳಲ್ಲಿ ಲೇತ್ ಯಂತ್ರಗಳು ಮುಂಜಾನೆಯೇ ತಿರುಗತೊಡಗುತ್ತವೆ. ಆದರೆ ಯಂತ್ರವಿಲ್ಲದ ಕಾಲದ ಕೈಗೆಲಸವನ್ನು ನೋಡಬೇಕೆಂದರೆ ನಗರದ ಪಶ್ಚಿಮಕ್ಕೆ, ನೊಯ್ಯಲ್ ನದಿಯ ಬದಿಯಲ್ಲಿರುವ ಪೇರೂರಿಗೆ ಹೋಗಬೇಕು. ಕಳೆದ ರಜೆಯಲ್ಲಿ ಮಗಳೊಡನೆ ಹೋಗಿದ್ದೆ.

ಅಲ್ಲಿನ ಪಟ್ಟೀಶ್ವರ ದೇವಾಲಯದ ಕನಕಸಭೆಯನ್ನು 17ನೆಯ ಶತಮಾನದಲ್ಲಿ ಮಧುರೆಯ ನಾಯಕ ಮನೆತನದ ಅಳಗಾದ್ರಿ ನಾಯಕನು ಕಟ್ಟಿಸಿದನು. ಕಂಬಗಳಲ್ಲಿ ವೀರಭದ್ರ, ಕಾಳಿ, ಊರ್ಧ್ವತಾಂಡವದ ಶಿವ. ಗಜಾಸುರನನ್ನು ಕೊಂದ ಶಿವನ ಹಿಂದೆ ಆನೆಯ ಚರ್ಮವು ಪ್ರಭಾವಳಿಯಂತೆ ಹರಡಿದೆ. ಮಗಳು ಬಹಳ ಹೊತ್ತು ನಿಂತು ನೋಡಿ, "ಇದನ್ನು ಮಾಡಿದವರು ಯಾರಪ್ಪಾ?" ಎಂದಳು. ನಾಯಕನ ಹೆಸರು ಹೇಳಿದೆ. "ಅವನು ಕಟ್ಟಿಸಿದವನಲ್ಲವೇ? ಕೆತ್ತಿದವರು?"

ಬೇಲೂರಿನಲ್ಲಾಗಿದ್ದರೆ ನನಗೆ ಉತ್ತರವಿರುತ್ತಿತ್ತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅವರಿಗೆ ದೊರೆತದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಪೇರೂರಿನವರದು ಕಗ್ಗಲ್ಲು. ಅದು ಉಳಿಯ ಮೊನೆಯನ್ನು ಬೇಗನೆ ಮೊಂಡಾಗಿಸುತ್ತದೆ. ಆದ್ದರಿಂದ ಶಿಲ್ಪಿಯ ಹಿಂದೆ ಉಳಿಗಳನ್ನು ಕಾಯಿಸಿ, ಬಡಿದು ಹದಗೊಳಿಸುವ ಕಮ್ಮಾರನೊಬ್ಬ ಇರಲೇಬೇಕು. ಕಲ್ಲು ಸೀಳಲು ಸಾಲಾಗಿ ಕುಳಿ ತೋಡಿ ಬೆಣೆ ಹೊಡೆದವರೂ, ಬಂಡೆ ಸಾಗಿಸಿದವರೂ ಇದ್ದಿರಬೇಕು. ಕೊನೆಯಲ್ಲಿ ಒಂದು ಬೆರಳು ಮುರಿದರೂ ಆ ವಿಗ್ರಹ ಭಿನ್ನ, ಪೂಜೆಗೆ ಸಲ್ಲದು.

ಮುಂದಿನ ಭಾನುವಾರ ತಿರುಪ್ಪೂರು ಜಿಲ್ಲೆಯ ತಿರುಮುರುಗನ್‌ಪೂಂಡಿಗೆ ಹೋದೆವು. ಸುಂದರಮೂರ್ತಿ ನಾಯನಾರರು ಚೇರ ದೊರೆಯಿಂದ ಪಡೆದ ಹೊನ್ನನ್ನು ಶಿವಗಣಗಳು ಬೇಡರ ವೇಷದಲ್ಲಿ ದೋಚಿದ ಊರೆಂದು ಪುರಾಣ ಹೇಳುತ್ತದೆ. ಇಂದು ಅದು ಕಲ್ಲುಕುಟಿಗರ ಊರು. ರಸ್ತೆಯ ಬದಿಯ ಚಪ್ಪರಗಳಲ್ಲಿ ಅರ್ಧ ಮುಗಿದ ಗಣಪತಿಗಳು, ನಂದಿಗಳು. ಒಬ್ಬ ಹಿರಿಯ ಶಿಲ್ಪಿ ಬಂಡೆಯ ಮೇಲೆ ಕಾವಿಯಿಂದ ಗೆರೆ ಎಳೆಯುತ್ತಿದ್ದರು. ಮುಖದ ಉದ್ದವನ್ನೇ ಅಳತೆಗೋಲಾಗಿಸಿ ಮೈಯ ಪ್ರಮಾಣ ನಿರ್ಧರಿಸುವುದನ್ನು ಮಗಳಿಗೆ ತೋರಿಸಿದರು. ಕಣ್ಣನ್ನು ಕಟ್ಟಕಡೆಗೆ ತೆರೆಯುತ್ತಾರಂತೆ.

ಈಗ ಒರಟು ಕೆಲಸವನ್ನೆಲ್ಲ ವಿದ್ಯುತ್ ಗ್ರೈಂಡರ್ ಮಾಡುತ್ತದೆ. ದಿನಗಟ್ಟಲೆಯ ದುಡಿಮೆ ಗಂಟೆಗಳಿಗೆ ಇಳಿದಿದೆ, ಧೂಳು ಮಾತ್ರ ಹೆಚ್ಚಿದೆ. ಕಗ್ಗಲ್ಲಿನ ಈ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಾನುಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಾಯಗೊಂಡು ಗಡುಸಾಗುತ್ತದೆ, ಮತ್ತೆ ಸರಿಯಾಗದು. ನೀರು ಹಾಯಿಸಿ ಕೊಯ್ದರೆ ಧೂಳು ಬಹಳಷ್ಟು ಅಡಗುತ್ತದೆ; ಮೂಗಿಗೆ ಕಟ್ಟಿದ ವಲ್ಲಿ ಅದನ್ನು ತಡೆಯಲಾರದು. ವಕೀಲನಾದ ನನಗೆ ಇನ್ನೊಂದು ಮಾತು ಚುಚ್ಚಿತು. 1948ರ ಕಾರ್ಖಾನೆ ಕಾಯ್ದೆಯು ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆದರೆ ವಿದ್ಯುತ್ ಬಳಸುವಲ್ಲಿ ಕನಿಷ್ಠ 10 ಮಂದಿ ದುಡಿದರೆ ಮಾತ್ರ ಅದು ಕಾರ್ಖಾನೆ ಎಂದಿತು. ನಾವು ನಿಂತಿದ್ದ ಚಪ್ಪರದಲ್ಲಿ ನಾಲ್ವರಿದ್ದರು.

"ತಾತಾ, ಇದರ ಮೇಲೆ ನಿಮ್ಮ ಹೆಸರು ಬರೆಯುತ್ತೀರಾ?" ಎಂದು ಮಗಳು ತನಗೆ ಬಂದ ತಮಿಳಿನಲ್ಲಿ ಕೇಳಿದಳು. ಅವರು ನಕ್ಕು, ಕಾವಿ ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಅವಳ ಹೆಸರನ್ನು ಕೇಳಿ, ಬಿದ್ದಿದ್ದ ಕಲ್ಲಿನ ಚೂರೊಂದರ ಮೇಲೆ ಅದನ್ನು ಕೊರೆದುಕೊಟ್ಟರು. ಬಳಿಕ ವಲ್ಲಿಯನ್ನು ಮೂಗಿಗೆ ಬಿಗಿದು, ನಮಗೆ ದೂರ ಸರಿಯುವಂತೆ ಕೈಮಾಡಿ ಗ್ರೈಂಡರ್ ಚಾಲೂ ಮಾಡಿದರು.